ಯಾರ ತಪ್ಪು ಉತ್ತರ ನಿಮಗೆ ಬೇಸರ ತರುವುದಿಲ್ಲ? ಉದ್ಯೋಗ ಬದಲಿಸಿ ಶಿಕ್ಷಕರಾಗಲು ಹೊರಟವರಿಗೆ ಒಂದು ಹೋಲಿಕೆ

ಹನ್ನೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು, ಆಮೇಲೆ ಗಣಿತದ ಶಿಕ್ಷಕನಾದವನು ನಾನು. ತರಗತಿಗೆ ಕಾಲಿಟ್ಟ ಮೊದಲ ತಿಂಗಳಲ್ಲೇ ಒಬ್ಬ ಹುಡುಗ 1/2 + 1/3 = 2/5 ಎಂದು ಬರೆದುಕೊಂಡು ಬಂದ. ಹಳೆಯ ಕೈಚಳಕ ಇನ್ನೂ ಹೋಗಿರಲಿಲ್ಲ. ಕೆಂಪು ಗೆರೆ ಎಳೆದು, ಪಕ್ಕದಲ್ಲಿ 5/6 ಎಂದು ಬರೆದು ಪುಸ್ತಕ ಹಿಂದಿರುಗಿಸಿದೆ. ಮರುದಿನ ಬೇರೆ ಅಂಕಿಗಳಲ್ಲಿ ಅದೇ ತಪ್ಪು. ಅದರ ಮರುದಿನವೂ ಅದೇ. ಆಗ ಪೆನ್ನು ಕೆಳಗಿಟ್ಟು, "ಇದನ್ನು ಹೇಗೆ ಮಾಡಿದೆ, ಹೇಳು" ಎಂದೆ.

"ಸರ್, ಮೊದಲನೇ ಆಟದಲ್ಲಿ ಎರಡು ಸಲ ಒದ್ದೆ, ಒಂದು ಗೋಲು. ಎರಡನೇ ಆಟದಲ್ಲಿ ಮೂರು ಸಲ ಒದ್ದೆ, ಒಂದು ಗೋಲು. ಒಟ್ಟು ಐದಕ್ಕೆ ಎರಡು."

ಅವನ ಲೆಕ್ಕ ಸರಿಯಾಗಿಯೇ ಇತ್ತು. ಗೋಲುಗಳನ್ನು ಎಣಿಸಲು ಹಾಗೆಯೇ ಕೂಡಬೇಕು. ಒಂದೇ ರೊಟ್ಟಿಯ ಅರ್ಧ ಮತ್ತು ಮೂರನೇ ಒಂದು ಭಾಗವನ್ನು ಸೇರಿಸುವಾಗ ಮಾತ್ರ ಅದು ನಡೆಯುವುದಿಲ್ಲ. ಎರಡು ದಿನ ನಾನು ತಿದ್ದಿದ್ದು ಅವನ ಪುಸ್ತಕವನ್ನು. ಅವನ ಯೋಚನೆಯ ಹತ್ತಿರಕ್ಕೂ ಹೋಗಿರಲಿಲ್ಲ.

ಲೆಕ್ಕಪತ್ರದ ಕೆಲಸದಲ್ಲಿ ತಪ್ಪು ಸಿಕ್ಕಿದರೆ ಅದನ್ನು ತೆಗೆದುಹಾಕಿ, ತಾಳೆ ನೋಡಿ, ಕಡತ ಮುಚ್ಚುತ್ತೇವೆ. ತರಗತಿಯಲ್ಲಿ ಕೆಲಸ ಶುರುವಾಗುವುದೇ ತಪ್ಪು ಸಿಕ್ಕಿದ ಮೇಲೆ. ಉದ್ಯೋಗ ಬಿಟ್ಟು ಶಿಕ್ಷಕರಾಗಬೇಕೆಂದು ನನ್ನಲ್ಲಿ ಸಲಹೆ ಕೇಳುವವರು ಸಾಮಾನ್ಯವಾಗಿ ಯಾವ ವಿಷಯ, ಯಾವ ಪದವಿ, ಎಷ್ಟು ಸಂಬಳ ಎಂದು ಆರಂಭಿಸುತ್ತಾರೆ. ಅವೆಲ್ಲ ಬೇಕಾದವೇ, ಅವಕ್ಕೆ ಮುಂದೆ ಬರುತ್ತೇನೆ. ಆದರೆ ನಾನು ಅವರಿಗೆ ಮೊದಲು ಕೇಳುವ ಪ್ರಶ್ನೆ ಒಂದೇ: ಯಾವ ವಯಸ್ಸಿನವರ ತಪ್ಪು ಉತ್ತರವನ್ನು ನೀವು ದಿನವಿಡೀ ಬೇಸರವಿಲ್ಲದೆ ಕೇಳಬಲ್ಲಿರಿ? ಕೆಳಗಿನ ಹೋಲಿಕೆಯನ್ನೆಲ್ಲ ಆ ಪ್ರಶ್ನೆಯ ಸುತ್ತಲೇ ಮಾಡಿದ್ದೇನೆ.

ಮೊದಲು, ನಮಗೆ ಗೊತ್ತಿದೆ ಎಂದುಕೊಂಡಿರುವುದರ ಬಗ್ಗೆ

ಶಾಲೆ ಎಲ್ಲರಿಗೂ ಪರಿಚಿತ ಜಾಗ. ಷಿಕಾಗೋ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಇದನ್ನು ಲೆಕ್ಕ ಹಾಕಿ ಹೇಳಿದರು: ಅಮೆರಿಕದ ವಿದ್ಯಾರ್ಥಿಯೊಬ್ಬ ಪ್ರೌಢಶಾಲೆ ಮುಗಿಸುವ ಹೊತ್ತಿಗೆ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕುಳಿತಿರುತ್ತಾನೆ. ಇಷ್ಟು ಕಾಲ ನೋಡಿದ ಇನ್ನೊಂದು ವೃತ್ತಿ ಇಲ್ಲ. ಆದರೆ ನೋಡಿದ್ದೆಲ್ಲ ಬೆಂಚಿನ ಮೇಲಿಂದ. ಈ ಉದಾಹರಣೆಯನ್ನೇ ಏಕೆ ಆರಿಸಿಕೊಂಡರು, ಈ ಪ್ರಶ್ನೆಯನ್ನು ಅವನಿಗೇ ಏಕೆ ಕೇಳಿದರು, ಹಿಂದಿನ ರಾತ್ರಿ ಯಾವ ಪಾಠದ ಟಿಪ್ಪಣಿಯನ್ನು ಹರಿದುಹಾಕಿ ಹೊಸದಾಗಿ ಬರೆದರು ಎಂಬುದು ಬೆಂಚಿನಿಂದ ಕಾಣುವುದಿಲ್ಲ.

ಇನ್ನೊಂದು ತೊಡಕು ನಮ್ಮ ಅನುಭವದ್ದೇ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಒಂದು ಸರಳ ಪ್ರಯೋಗ ನಡೆಸಿದರು. ಕೆಲವರು ಜನಪ್ರಿಯ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಕೇಳುವವರು ಹಾಡು ಯಾವುದೆಂದು ಹೇಳಬೇಕು. ಕೇಳುವವರು ಅರ್ಧದಷ್ಟು ಹಾಡುಗಳನ್ನಾದರೂ ಗುರುತಿಸುತ್ತಾರೆ ಎಂದು ತಟ್ಟಿದವರು ನಂಬಿದ್ದರು. 120 ಹಾಡುಗಳಲ್ಲಿ ಕೇಳುಗರು ಗುರುತಿಸಿದ್ದು 3. ತಟ್ಟುವವನ ತಲೆಯಲ್ಲಿ ಪೂರ್ತಿ ಹಾಡು ಮೊಳಗುತ್ತಿರುತ್ತದೆ; ಎದುರಿನವನಿಗೆ ಬರೀ ಟಕ್ ಟಕ್. ಹತ್ತು ಹದಿನೈದು ವರ್ಷ ಒಂದು ಕ್ಷೇತ್ರದಲ್ಲಿ ಪಳಗಿ ಬಂದವರ ಮೊದಲ ಪಾಠಗಳು ಬಹುಪಾಲು ಹೀಗೆಯೇ ಇರುತ್ತವೆ. ನನ್ನವು ಹಾಗೆಯೇ ಇದ್ದವು. ವಿಷಯ ಚೆನ್ನಾಗಿ ಗೊತ್ತಿರುವುದು ಬೇರೆ, ಆ ವಿಷಯ ಕಲಿಯುವವನಿಗೆ ಎಲ್ಲಿ ತೊಡರುತ್ತದೆ ಎಂದು ಗೊತ್ತಿರುವುದು ಬೇರೆ. ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ಈ ಎರಡನೆಯದನ್ನು ಶಿಕ್ಷಕರಿಗೇ ಸೇರಿದ ಪ್ರತ್ಯೇಕ ಜ್ಞಾನವೆಂದು ಗುರುತಿಸಿದರು. ನೀವು ಎಷ್ಟೇ ಹಿರಿಯ ಅಧಿಕಾರಿಯಾಗಿದ್ದರೂ ಆ ಜ್ಞಾನದಲ್ಲಿ ಹೊಸಬರು. ಇದನ್ನು ಮನಸಾರೆ ಒಪ್ಪಿಕೊಂಡವರಿಗೆ ಮೊದಲ ವರ್ಷ ಸ್ವಲ್ಪ ಹಗುರವಾಗುತ್ತದೆ.

ಪ್ರಾಥಮಿಕ ತರಗತಿ

ಒಬ್ಬರೇ ಶಿಕ್ಷಕರು, ಬೆಳಿಗ್ಗೆಯಿಂದ ಸಂಜೆಯವರೆಗೆ ಅವೇ ಮಕ್ಕಳು. ಭಾಷೆ, ಗಣಿತ, ಪರಿಸರ, ಚಿತ್ರ, ಹಾಡು ಎಲ್ಲವೂ ಅವರ ಪಾಲಿಗೇ. ನಿಮ್ಮ ಹಳೆಯ ಪರಿಣತಿ ಅತಿ ಕಡಿಮೆ ಉಪಯೋಗಕ್ಕೆ ಬರುವ ಜಾಗ ಇದು. ಅದರಿಂದ ಮನಸ್ಸಿಗೆ ಸ್ವಲ್ಪ ಪೆಟ್ಟೂ ಬೀಳಬಹುದು. ಆದರೆ ಕಲಿಕೆಯ ಬೇರು ಕಣ್ಣಿಗೆ ಕಾಣುವುದು ಇಲ್ಲಿಯೇ.

ಆರೇಳು ವರ್ಷದ ಮಗುವಿಗೆ 'ನೂರಾ ಐದು' ಬರೆ ಎಂದರೆ ಅದು 1005 ಎಂದು ಬರೆಯುತ್ತದೆ. ಕಿವಿಗೆ ಬಿದ್ದದ್ದು ನೂರು, ಆಮೇಲೆ ಐದು. ಕೈ 100 ಬರೆಯಿತು, ಪಕ್ಕದಲ್ಲಿ 5 ಇಟ್ಟಿತು. ಕೇಳಿದ್ದನ್ನು ಒಂದಿಷ್ಟೂ ಬಿಡದೆ ಬರೆದ ಮಗುವಿಗೆ 'ತಪ್ಪು' ಎಂದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಹತ್ತು ಕಡ್ಡಿಗಳ ಒಂದು ಕಟ್ಟು, ಅಂಥ ಹತ್ತು ಕಟ್ಟುಗಳ ಒಂದು ದೊಡ್ಡ ಕಟ್ಟು, ಅದರ ಪಕ್ಕ ಬಿಡಿ ಕಡ್ಡಿ ಐದು. ನಡುವೆ ಚಿಕ್ಕ ಕಟ್ಟು ಒಂದೂ ಇಲ್ಲ, ಆ ಖಾಲಿ ಜಾಗಕ್ಕೆ ಒಂದು ಸೊನ್ನೆ. ಇದನ್ನು ಮಗು ತನ್ನ ಕೈಯಾರೆ ಕಟ್ಟಿ ಬಿಚ್ಚಿ ಕಂಡುಕೊಳ್ಳಬೇಕು. ಅದಕ್ಕೆ ಒಂದು ವಾರ ಹಿಡಿಯಬಹುದು, ಮುಂದಿನ ವಾರ ಮರೆತೂ ಹೋಗಬಹುದು. ಅದರ ನಡುವೆಯೇ ಯಾರದೋ ಪೆನ್ಸಿಲ್ ಕಳೆದಿರುತ್ತದೆ, ಯಾರದೋ ಹಲ್ಲು ಬಿದ್ದಿರುತ್ತದೆ, ಇಬ್ಬರು ಜಗಳವಾಡಿ ಅಳುತ್ತಿರುತ್ತಾರೆ.

ಒಂದು ಸೊನ್ನೆಗಾಗಿ ವಾರಗಟ್ಟಲೆ ಕಡ್ಡಿ ಕಟ್ಟಬಲ್ಲೆ ಎನ್ನುವವರು ದಯವಿಟ್ಟು ಇದನ್ನೇ ಆರಿಸಿಕೊಳ್ಳಿ. 'ಚಿಕ್ಕ ಮಕ್ಕಳು ಮುದ್ದು, ಪಾಠವೂ ಸುಲಭ' ಎಂಬ ಕಾರಣಕ್ಕೆ ಬರುವವರು ಆರು ತಿಂಗಳಲ್ಲಿ ದಣಿದುಬಿಡುತ್ತಾರೆ. ದಿನದಲ್ಲಿ ಒಂದು ಗಳಿಗೆಯೂ ನಿಮ್ಮದೆಂದು ಸಿಗದ ಕೆಲಸ ಇದು.

ಪ್ರೌಢಶಾಲೆ

ನಡುವಯಸ್ಸಿನಲ್ಲಿ ಬರುವವರಲ್ಲಿ ಹೆಚ್ಚಿನವರ ಕಣ್ಣು ಇದರ ಮೇಲಿರುತ್ತದೆ. ಒಂದು ವಿಷಯ, ಐದಾರು ತರಗತಿ, ನೂರಕ್ಕೂ ಹೆಚ್ಚು ಹೆಸರುಗಳು. ಗಂಟೆ ಹೊಡೆದರೆ ಒಂದು ಗುಂಪು ಹೊರಗೆ, ಇನ್ನೊಂದು ಗುಂಪು ಒಳಗೆ. ಒಂದು ಪೀರಿಯಡ್ ಕೆಟ್ಟುಹೋದರೆ ಮುಂದಿನದರಲ್ಲಿ ಹೊಸದಾಗಿ ಆರಂಭಿಸಬಹುದು, ಇದು ಪ್ರಾಥಮಿಕದಲ್ಲಿ ಇಲ್ಲದ ಅನುಕೂಲ. ಪ್ರತಿಯಾಗಿ, ತಿದ್ದಬೇಕಾದ ಪುಸ್ತಕಗಳ ರಾಶಿ ಎಂದೂ ಕರಗುವುದಿಲ್ಲ.

ಇಲ್ಲಿನ ತಪ್ಪುಗಳಿಗೆ ಕಾರಣಗಳ ಬೆಂಬಲ ಇರುತ್ತದೆ, ಅವು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮರದ ತೂಕ ಎಲ್ಲಿಂದ ಬಂತು ಎಂದು ಕೇಳಿ ನೋಡಿ. 'ಮಣ್ಣಿನಿಂದ' ಎಂದು ತರಗತಿಯ ಬಹುಪಾಲು ಮಕ್ಕಳು ಹೇಳುತ್ತಾರೆ. ಹದಿನೇಳನೆಯ ಶತಮಾನದಲ್ಲಿ ವಿಜ್ಞಾನಿ ವಾನ್ ಹೆಲ್ಮಾಂಟ್ ಇದನ್ನು ಪರೀಕ್ಷಿಸಲು ಒಂದು ವಿಲೋ ಗಿಡವನ್ನು ತೂಗಿಟ್ಟ ಮಣ್ಣಿನಲ್ಲಿ ಬೆಳೆಸಿದ್ದರು. ಐದು ವರ್ಷದಲ್ಲಿ ಮರ ಸುಮಾರು 74 ಕಿಲೋ ಹೆಚ್ಚಾಯಿತು, ಮಣ್ಣು ಕಡಿಮೆಯಾದದ್ದು ಸುಮಾರು 57 ಗ್ರಾಂ. ಹಾಗಾದರೆ ಎಲ್ಲವೂ ನೀರಿನಿಂದ ಬಂತೆಂದು ಅವರು ತೀರ್ಮಾನಿಸಿದರು. ಅದೂ ತಪ್ಪೇ. ಗಾಳಿಯ ಇಂಗಾಲದ ಡೈ ಆಕ್ಸೈಡ್ ಅವರ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಹದಿಮೂರು ವರ್ಷದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ "ಗಾಳಿಗೆ ತೂಕ ಇದೆಯಾ ಸರ್?" ಎಂದು ಕೇಳುವ ಗಳಿಗೆಗಾಗಿ ಒಂದು ಇಡೀ ಪಾಠವನ್ನು ಹೆಣೆಯಬಹುದು.

ಆ ಪ್ರಶ್ನೆ ಬರಬೇಕಾದರೆ ಶಿಕ್ಷಕರು ಸುಮ್ಮನಿರಲು ಕಲಿಯಬೇಕು. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ವಿಜ್ಞಾನದ ತರಗತಿಗಳನ್ನು ಧ್ವನಿಮುದ್ರಿಸಿ ನೋಡಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಸುಮಾರು 1 ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಬಾಯಿ ತೆರೆಯದಿದ್ದ ಮಕ್ಕಳೂ ಮಾತನಾಡಿದರು. ಕಚೇರಿಯ ಸಭೆಗಳಲ್ಲಿ ಥಟ್ಟನೆ ಉತ್ತರ ಕೊಟ್ಟು ಹೆಸರು ಮಾಡಿದವರಿಗೆ ಆ ಮೂರು ಸೆಕೆಂಡ್ ಬಹಳ ದೀರ್ಘ. ನಾನು ಮನಸ್ಸಿನಲ್ಲೇ ಒಂದರಿಂದ ಐದರವರೆಗೆ ಎಣಿಸಿ ಅಭ್ಯಾಸ ಮಾಡಿದೆ.

ಹದಿಹರೆಯದವರ ಬಗ್ಗೆ ಎಲ್ಲರೂ ಹೆದರಿಸುತ್ತಾರೆ. ಶಿಸ್ತಿನ ತೊಂದರೆ ನಿಜ, ಮೊದಲ ವರ್ಷದಲ್ಲಿ ನಿದ್ದೆಗೆಡಿಸುವಷ್ಟು ನಿಜ. ಅವರು ನಿಮ್ಮ ಹಳೆಯ ಹುದ್ದೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಿನ್ನೆ ಹೇಳಿದ ಮಾತನ್ನು ಇವತ್ತು ನಡೆಸುತ್ತೀರಾ ಎಂಬುದನ್ನು ಮಾತ್ರ ನೋಡುತ್ತಾರೆ.

ಒಂದು ಉದಾಹರಣೆ ಹೇಳಬೇಕು. ಬ್ರಿಟನ್ನಿನ ಪತ್ರಕರ್ತೆ ಲೂಸಿ ಕೆಲ್ಲವೇ, ಮೂರು ದಶಕ ಆರ್ಥಿಕ ದಿನಪತ್ರಿಕೆಯೊಂದರಲ್ಲಿದ್ದು, ಐವತ್ತರ ಹರೆಯದ ಕೊನೆಯಲ್ಲಿ ಶಾಲಾ ಶಿಕ್ಷಕಿಯಾಗಲು ಹೊರಟರು. ತಮ್ಮಂತೆ ವೃತ್ತಿ ಬದಲಿಸುವವರಿಗಾಗಿ 'ನೌ ಟೀಚ್' ಎಂಬ ಸಂಸ್ಥೆಯನ್ನೂ ಜೊತೆಗೂಡಿ ಕಟ್ಟಿದರು. ಅದರ ಮೊದಲ ತಂಡ ತರಗತಿಗೆ ಹೋದದ್ದು 2017ರಲ್ಲಿ. ಅವರು ಗಣಿತ ಶಿಕ್ಷಕಿಯಾಗಿ ತರಬೇತಿ ಆರಂಭಿಸಿ, ಆಮೇಲೆ ವ್ಯವಹಾರ ಅಧ್ಯಯನ ಮತ್ತು ಅರ್ಥಶಾಸ್ತ್ರದ ಕಡೆ ಹೊರಳಿದರು. ವಿಷಯದ ಆಯ್ಕೆ ಒಮ್ಮೆ ಮಾಡಿದರೆ ಮುಗಿಯಿತು ಎಂದು ಕುಗ್ಗುವವರಿಗೆ ಇದನ್ನು ಹೇಳುತ್ತಿರುತ್ತೇನೆ. ವಿಷಯವನ್ನು ದಾರಿಯಲ್ಲಿ ಬದಲಿಸಬಹುದು. ಮಕ್ಕಳ ವಯಸ್ಸಿನ ಆಯ್ಕೆಯನ್ನು ಬದಲಿಸುವುದೇ ಕಷ್ಟ, ಏಕೆಂದರೆ ತರಬೇತಿ ಮತ್ತು ಅರ್ಹತೆ ಎರಡೂ ಅದಕ್ಕೆ ಕಟ್ಟುಬಿದ್ದಿರುತ್ತವೆ.

ಕಾಲೇಜು

ವಿಷಯದ ಆಳಕ್ಕೆ ಇಳಿಯುವ ಆಸೆ ಇದ್ದರೆ ಕಾಲೇಜು ಒಳ್ಳೆಯದು, ಶಿಸ್ತಿನ ಗೋಳೂ ಕಡಿಮೆ. ಆದರೆ ಇಲ್ಲಿ ತಪ್ಪು ಉತ್ತರ ಹೊರಗೇ ಬರುವುದಿಲ್ಲ. ಅರ್ಥವಾಗದವರು ಸುಮ್ಮನೆ ಕುಳಿತಿರುತ್ತಾರೆ, ಬಾಯಿಪಾಠ ಮಾಡಿದ ಸರಿಯುತ್ತರದ ಹಿಂದೆ ಗೊಂದಲ ಅಡಗಿರುತ್ತದೆ. ಅದನ್ನು ಹೊರಗೆಳೆಯುವ ಕಲೆಗೆ ತರಬೇತಿ ಕೊಡುವವರೂ ಕಡಿಮೆ. ಪೂರ್ಣಾವಧಿ ಹುದ್ದೆಗೆ ಸ್ನಾತಕೋತ್ತರ ಪದವಿಯ ಮೇಲೆ ಅರ್ಹತಾ ಪರೀಕ್ಷೆ ಅಥವಾ ಪಿಎಚ್.ಡಿ. ಕೇಳುವುದು ಸಾಮಾನ್ಯ. ನಲವತ್ತರಲ್ಲಿ ಪಿಎಚ್.ಡಿ. ಆರಂಭಿಸುವುದಾದರೆ ಸಂಶೋಧನೆಯ ಮೇಲಿನ ಪ್ರೀತಿಗಾಗಿ ಆರಂಭಿಸಿ. ಹುದ್ದೆಗಾಗಿ ಮಾತ್ರ ಎಂದಾದರೆ ನಾನು ಬೇಡ ಎನ್ನುತ್ತೇನೆ.

ವಯಸ್ಕರು ಮತ್ತು ವೃತ್ತಿ ತರಬೇತಿ

ಯಾರೂ ಸಾಕಷ್ಟು ಯೋಚಿಸದ ಆಯ್ಕೆ ಇದು. ಎಲೆಕ್ಟ್ರಿಷಿಯನ್, ದಾದಿ, ಬಡಗಿ, ಲೆಕ್ಕಿಗ, ಪ್ರೋಗ್ರಾಮರ್, ಯಾರೇ ಆಗಲಿ, ಅವರ ಹಳೆಯ ಅನುಭವಕ್ಕೆ ಅತಿ ಹೆಚ್ಚು ಬೆಲೆ ಸಿಗುವುದು ಇಲ್ಲಿ. ವೈರಿಂಗ್ ಕಲಿಸುವ ವ್ಯಕ್ತಿ ಇಪ್ಪತ್ತು ವರ್ಷ ವೈರಿಂಗ್ ಮಾಡಿದವರಾದರೆ ಕಲಿಯುವವರಿಗೆ ಅದು ಮೊದಲ ದಿನವೇ ತಿಳಿಯುತ್ತದೆ.

ನಾನು ಒಂದು ವರ್ಷ ಸಂಜೆ ತರಗತಿಯಲ್ಲಿ ದೊಡ್ಡವರಿಗೆ ಲೆಕ್ಕ ಹೇಳಿಕೊಟ್ಟೆ. ಐವತ್ತು ದಾಟಿದ ಹೆಂಗಸೊಬ್ಬರು ಶೇಕಡಾವಾರು ಲೆಕ್ಕ ಮಾಡುವಾಗ ಪುಸ್ತಕಕ್ಕೆ ಅಂಗೈ ಅಡ್ಡ ಹಿಡಿದುಕೊಂಡೇ ಬರೆಯುತ್ತಿದ್ದರು. ಉತ್ತರ ತಪ್ಪಿದರೆ ಯಾರಾದರೂ ನೋಡಿಬಿಟ್ಟಾರು ಎಂಬ ಅಂಜಿಕೆ. ಮಕ್ಕಳು ತಪ್ಪನ್ನು ಎದುರಿಗೇ ಇಟ್ಟು ಓಡಿಹೋಗುತ್ತಾರೆ, ದೊಡ್ಡವರು ಅದನ್ನು ಮುಚ್ಚಿಡುತ್ತಾರೆ. ಮೂರನೆಯ ವಾರ ನಾನೇ ಹಲಗೆಯ ಮೇಲೆ ಒಂದು ಲೆಕ್ಕ ತಪ್ಪು ಮಾಡಿದೆ, ಅದೂ ತಿಳಿಯದೆ ಆದ ತಪ್ಪು. ಅದನ್ನು ತೋರಿಸಿದವರು ಅವರೇ. ಅಂದಿನಿಂದ ಅಂಗೈ ಪುಸ್ತಕದಿಂದ ಸರಿಯಿತು. ಈ ಬಗೆಯ ಕಲಿಯುವವರು ನಿಮ್ಮ ಮನಸ್ಸನ್ನು ಸೆಳೆದರೆ ಶಾಲೆಯ ಹಂಬಲವನ್ನು ಬದಿಗಿಟ್ಟು ಇದನ್ನು ಗಂಭೀರವಾಗಿ ನೋಡಿ. ತೊಂದರೆ ಇಷ್ಟು: ಬಹಳ ಕಡೆ ಗಂಟೆ ಲೆಕ್ಕದ ಸಂಬಳ, ಸಂಜೆ ಮತ್ತು ವಾರಾಂತ್ಯದ ಕೆಲಸ, ಹುದ್ದೆಗೆ ಭದ್ರತೆ ಕಡಿಮೆ.

ಮನೆಪಾಠದ ಬಗ್ಗೆ ಎರಡೇ ಮಾತು. ಒಬ್ಬ ವಿದ್ಯಾರ್ಥಿಯ ಪಕ್ಕ ಕುಳಿತು ಅವನ ತಪ್ಪನ್ನು ಹತ್ತಿರದಿಂದ ಓದಲು ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಆದರೆ ಮೂವತ್ತು ಜನರನ್ನು ಒಟ್ಟಿಗೆ ಹಿಡಿದಿಡುವ ಕೆಲಸವನ್ನು ಅದು ಕಲಿಸುವುದಿಲ್ಲ.

ಒಳಗೆ ಹೋಗುವ ದಾರಿಗಳು

ಮುಖ್ಯವಾಗಿ ಎರಡು. ಒಂದು, ಕೆಲಸ ಬಿಟ್ಟು ಪೂರ್ಣಾವಧಿ ತರಬೇತಿ ಪಡೆಯುವುದು. ಇನ್ನೊಂದು, ಶಾಲೆಯಲ್ಲಿ ಸಂಬಳ ಪಡೆಯುತ್ತಲೇ ಅರ್ಹತೆ ಗಳಿಸುವುದು. ಇವುಗಳ ರೂಪ ದೇಶದಿಂದ ದೇಶಕ್ಕೆ ಬಹಳ ಬೇರೆ. ಇಂಗ್ಲೆಂಡಿನಲ್ಲಿ ಪದವೀಧರರಿಗೆ ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷದ ತರಬೇತಿ, 2021ರಿಂದ ಅದರ ಮೇಲೆ ಎರಡು ವರ್ಷ ಹೊಸ ಶಿಕ್ಷಕರಿಗೆ ಮಾರ್ಗದರ್ಶನದ ಅವಧಿ. ಫಿನ್ಲೆಂಡಿನಲ್ಲಿ 1979ರಿಂದ ಪ್ರಾಥಮಿಕ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಬೇಕು. ಜರ್ಮನಿಯಲ್ಲಿ ಬೇರೆ ವೃತ್ತಿಯಿಂದ ಬರುವವರಿಗೆ ಪ್ರತ್ಯೇಕ ಪ್ರವೇಶ ಮಾರ್ಗಗಳಿವೆ, ರಾಜ್ಯಕ್ಕೊಂದು ನಿಯಮ. ಭಾರತದಲ್ಲಿ 2015ರಿಂದ ಬಿ.ಎಡ್. ಎರಡು ವರ್ಷದ್ದು, ಒಂದರಿಂದ ಎಂಟನೆಯ ತರಗತಿಗೆ ಶಿಕ್ಷಕರ ಅರ್ಹತಾ ಪರೀಕ್ಷೆಯೂ ಕಡ್ಡಾಯ. ಮಕ್ಕಳ ವಯಸ್ಸನ್ನು ಮೊದಲು ತೀರ್ಮಾನಿಸಿ ಎಂದು ನಾನು ಒತ್ತಿ ಹೇಳುವುದಕ್ಕೆ ಭಾರತದ ಒಂದು ತೀರ್ಪು ಕಣ್ಣಿಗೆ ಕಟ್ಟುವ ಕಾರಣ: ಒಂದರಿಂದ ಐದನೆಯ ತರಗತಿಯ ಹುದ್ದೆಗೆ ಬಿ.ಎಡ್. ಅರ್ಹತೆಯಾಗದು ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿತು, ಅಲ್ಲಿಗೆ ಬೇಕಾದದ್ದು ಡಿ.ಎಲ್.ಎಡ್. ಎಂಬ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ. ಯಾವ ತರಗತಿ ಎಂದು ಯೋಚಿಸದೆ ಸಿಕ್ಕಿದ ಕೋರ್ಸಿಗೆ ಸೇರಿದವರು ಎರಡು ವರ್ಷ ಕಳೆದ ಮೇಲೆ ಬೇರೆ ಬಾಗಿಲ ಮುಂದೆ ನಿಂತಿರುತ್ತಾರೆ.

ಸಂಬಳ ಪಡೆಯುತ್ತಾ ಕಲಿಯುವ ದಾರಿ ಮೇಲ್ನೋಟಕ್ಕೆ ಮನೆಯವರಿಗೂ ಒಪ್ಪಿಗೆಯಾಗುವಂಥದ್ದು. ಆದರೂ ಎರಡರಲ್ಲಿ ಕಷ್ಟದ್ದು ಅದೇ ಎಂದು ನನ್ನ ಅನಿಸಿಕೆ. ಬೆಳಿಗ್ಗೆ ಕಲಿತದ್ದನ್ನು ಮಧ್ಯಾಹ್ನ ನಿಜವಾದ ಮಕ್ಕಳ ಮುಂದೆ ಮಾಡಬೇಕು, ಕೆಟ್ಟರೆ ಅವರ ಪಾಠವೇ ಕೆಡುತ್ತದೆ. ಆ ದಾರಿ ಹಿಡಿಯುವವರು ಶಾಲೆಗೆ ಒಂದು ಪ್ರಶ್ನೆಯನ್ನು ನೇರವಾಗಿ ಕೇಳಿ: ನನ್ನ ಪಾಠವನ್ನು ಕುಳಿತು ನೋಡುವವರು ಯಾರು, ವಾರಕ್ಕೆ ಎಷ್ಟು ಸಲ? ಹೆಸರು ಮತ್ತು ಸಂಖ್ಯೆ ಸಿಕ್ಕಿದರೆ ಸೇರಿ. 'ಎಲ್ಲರೂ ಸಹಾಯ ಮಾಡುತ್ತಾರೆ' ಎಂಬ ಉತ್ತರ ಬಂದರೆ ಇನ್ನೊಂದು ಶಾಲೆ ನೋಡಿ.

ಹಣ ಮತ್ತು ಸಮಯ

ಹಳೆಯ ವೃತ್ತಿಯ ಅಭ್ಯಾಸದಿಂದ ಹೇಳುತ್ತೇನೆ, ಒಂದು ಹಾಳೆಯಲ್ಲಿ ಮೂರು ವರ್ಷದ ಲೆಕ್ಕ ಬರೆಯಿರಿ. ತರಬೇತಿಯ ಅವಧಿಯಲ್ಲಿ ಆದಾಯ ಸೊನ್ನೆ ಅಥವಾ ಅದಕ್ಕೆ ಹತ್ತಿರ. ಅದರ ಮುಂದಿನ ವರ್ಷ ವೇತನ ಶ್ರೇಣಿಯ ಕೆಳಗಿನ ಮೆಟ್ಟಿಲು. ನಿಮ್ಮ ಹಿಂದಿನ ಸೇವೆಯನ್ನು ಪರಿಗಣಿಸಿ ಮೇಲಿನ ಮೆಟ್ಟಿಲು ಕೊಡುವುದಾಗಿ ಯಾರಾದರೂ ಹೇಳಿದರೆ ಬರಹದಲ್ಲಿ ಪಡೆಯಿರಿ. ನನಗೆ ಬಾಯಿಮಾತಿನಲ್ಲಿ ಹೇಳಿದ್ದು ಆದೇಶಪತ್ರದಲ್ಲಿ ಇರಲಿಲ್ಲ, ಆ ಕೊರತೆಯನ್ನು ತುಂಬಲು ಎರಡು ವರ್ಷ ಬೇಕಾಯಿತು.

ಸಮಯದ ಬಗ್ಗೆ ದೊಡ್ಡ ತಪ್ಪುಕಲ್ಪನೆ ಇದೆ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆ (ಒಇಸಿಡಿ) 2018ರಲ್ಲಿ ಹಲವು ದೇಶಗಳ ಶಿಕ್ಷಕರ ಸಮೀಕ್ಷೆ ನಡೆಸಿದಾಗ, ಅವರ ಕೆಲಸದ ಹೊತ್ತಿನಲ್ಲಿ ಪಾಠ ಮಾಡುವುದಕ್ಕೆ ಹೋಗುವುದು ಸರಾಸರಿ ಅರ್ಧದಷ್ಟು ಮಾತ್ರ ಎಂದು ಕಂಡುಬಂತು. ಉಳಿದದ್ದು ತಯಾರಿ, ತಿದ್ದುವುದು, ದಾಖಲೆ, ಸಭೆ, ಪೋಷಕರ ಜೊತೆ ಮಾತು. ಬೇಗ ಮನೆಗೆ ಬರಬಹುದು ಎಂಬ ಲೆಕ್ಕದಲ್ಲಿ ಬರುವವರು ಪುಸ್ತಕದ ರಾಶಿಯನ್ನೂ ಜೊತೆಗೆ ಹೊತ್ತು ತರುತ್ತಾರೆ. ಇನ್ನು ಈಗಿನ ಮೇಲಧಿಕಾರಿಯ ಕಾಟ ತಾಳದೆ ಹೊರಟವರಿದ್ದರೆ, ಶಾಲೆಯಲ್ಲೂ ಮೇಲಧಿಕಾರಿ ಇರುತ್ತಾರೆ ಎಂದು ಪ್ರೀತಿಯಿಂದಲೇ ನೆನಪಿಸುತ್ತೇನೆ. ಮೊದಲು ಬೇರೆ ಕಚೇರಿ ಹುಡುಕಿ ನೋಡಿ. ಆಮೇಲೂ ಮಕ್ಕಳ ಕಡೆಗೆ ಮನಸ್ಸು ಎಳೆದರೆ ಬನ್ನಿ.

ರಾಜೀನಾಮೆಗೆ ಮೊದಲು

ನಾಲ್ಕು ದಿನ ರಜೆ ಹಾಕಿ. ಎರಡು ದಿನ ಪ್ರಾಥಮಿಕ ತರಗತಿಯಲ್ಲಿ, ಎರಡು ದಿನ ಪ್ರೌಢಶಾಲೆಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತುಕೊಳ್ಳಲು ಅನುಮತಿ ಕೇಳಿ. ಸಾಧ್ಯವಾದರೆ ಒಂದು ಸಂಜೆ ವಯಸ್ಕರ ತರಗತಿಗೂ ಹೋಗಿ. ಶಿಕ್ಷಕರು ಏನು ಹೇಳುತ್ತಾರೆ ಎಂಬುದನ್ನು ಬರೆದುಕೊಳ್ಳಬೇಡಿ. ಒಂದು ನೋಟ್‌ಪುಸ್ತಕದಲ್ಲಿ ಕಲಿಯುವವರ ತಪ್ಪು ಉತ್ತರಗಳನ್ನು ಮಾತ್ರ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ವಾರ ಕಳೆದ ಮೇಲೆ ಅದನ್ನು ತೆರೆಯಿರಿ. 'ಇವನಿಗೆ ಹೀಗೇಕೆ ಅನ್ನಿಸಿತು' ಎಂದು ನಿಮ್ಮ ಕೈ ತಾನಾಗಿಯೇ ಅಂಚಿನಲ್ಲಿ ಗೀಚತೊಡಗಿದ ಪುಟ ಯಾವ ತರಗತಿಯದೋ ನೋಡಿ, ಆ ತರಗತಿಗೆ ಬೇಕಾದ ಅರ್ಹತೆಯ ಅರ್ಜಿಯನ್ನು ತರಿಸಿಕೊಳ್ಳಿ.